ಮಸೆಗಲ್ಲಿಗೆ ಪ್ರಮಾಣ ಯಾವುದು?

ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಅಲ್ಲಿ ಗಾರೆಯ ಆಸರೆಯಿಲ್ಲದೆ ಬಳಪದ ಕಲ್ಲಿನ ಮೇಲೆ ಕಲ್ಲು ಕೂತಿದೆ. ಒಂದರ ಮೈ ಸಮವಾಗಿದೆಯೆಂದು ಇನ್ನೊಂದೇ ಹೇಳಬೇಕು. ಕ್ಷೌರದ ಕತ್ತಿ ಮಸೆಯುವ ಕಲ್ಲಿನ ವಿಷಯಕ್ಕೆ ಬಂದರೆ ಇದೇ ಸಂಗತಿ ತತ್ತ್ವದ ಪ್ರಶ್ನೆಯಾಗುತ್ತದೆ. ಕತ್ತಿಯ ಬೆನ್ನೂ ಬಾಯೂ ಒಟ್ಟಿಗೆ ಕಲ್ಲಿಗೆ ತಾಗಿರುವಂತೆ ಮಲಗಿಸಿ ಮಸೆಯುವುದರಿಂದ ಕಲ್ಲಿನಲ್ಲಿದ್ದ ಓರೆ ಅಲಗಿಗೂ ಇಳಿಯುತ್ತದೆ. ಮಸೆದಂತೆ ಕಲ್ಲು ನಡುವೆ ಸವೆದು ತಗ್ಗಾಗುತ್ತದೆ. ಅದನ್ನು ಸಮ ಮಾಡಲು ಮತ್ತೊಂದು ಸಾಧನ ಬೇಕು. ಆ ಸಾಧನವೇ ಸಮವಾಗಿದೆ ಎನ್ನುವುದಕ್ಕೆ ಏನು ಆಧಾರ?

ಬೌದ್ಧ ದಾರ್ಶನಿಕ ನಾಗಾರ್ಜುನ ‘ವಿಗ್ರಹವ್ಯಾವರ್ತನಿ’ಯಲ್ಲಿ ಪ್ರಮಾಣವಾದಿಗಳನ್ನು, ಅಂದರೆ ಅರಿವಿಗೆ ಗಟ್ಟಿ ಸಾಧನಗಳಿವೆ ಎನ್ನುವವರನ್ನು, ಕೇಳಿದ್ದು ಇದನ್ನೇ: ವಸ್ತುಗಳನ್ನು ಸಾಧಿಸುವ ಪ್ರಮಾಣಗಳನ್ನು ಸಾಧಿಸುವುದು ಯಾವುದು? ಇನ್ನೊಂದು ಪ್ರಮಾಣ ಎಂದರೆ ಅನವಸ್ಥೆ, ಕೊನೆಯಿಲ್ಲದ ಸರಪಳಿ. ಯಾವುದೂ ಬೇಡ ಎಂದರೆ ಎಲ್ಲಕ್ಕೂ ಪ್ರಮಾಣ ಬೇಕೆಂಬ ಮೊದಲಿನ ಮಾತೇ ಮುರಿಯಿತು. ನ್ಯಾಯಸೂತ್ರದ ಉತ್ತರ ತಕ್ಕಡಿಯದು. ತೂಗುವ ತಕ್ಕಡಿಯನ್ನೇ ಬೇಕಾದಾಗ ಪರೀಕ್ಷೆಗೆ ಒಡ್ಡಬಹುದು. ಅಳೆಯುವ ಪ್ರಮಾಣವೂ ಒಮ್ಮೊಮ್ಮೆ ಅಳತೆಗೆ ಒಳಗಾಗುವ ಪ್ರಮೇಯವಾಗುತ್ತದೆ. ಕಲ್ಲು ಸಮ ಮಾಡುವ ಸಾಧನಗಳನ್ನು ಈ ಕಣ್ಣಿನಿಂದ ನೋಡಬೇಕು. ವಜ್ರದ ಹರಳು ಕೂರಿಸಿದ ಉಕ್ಕಿನ ಫಲಕ ಬೇಗ ಕೆಲಸ ಮುಗಿಸುತ್ತದೆ, ಆದರೆ ಅದರ ಸಮತೆಗೆ ತಯಾರಕರ ಮಾತೇ ಸಾಕ್ಷಿ. ದಪ್ಪ ಗಾಜಿನ ಮೇಲೆ ಅಂಟಿಸಿದ ಸ್ಯಾಂಡ್‌ಪೇಪರ್ ಅಗ್ಗ. ಅಲ್ಲಿ ನಂಬಿಕೆ ಗಾಜಿನ ಕಾರ್ಖಾನೆಯ ಮೇಲೆ. ಬೀಡುಕಬ್ಬಿಣದ ಫಲಕದ ಮೇಲೆ ಸಾಣೆ ಪುಡಿ ಹಾಕಿ ಉಜ್ಜಿದರೆ ಫಲಕವೂ ಸವೆಯುತ್ತದೆ. ಇನ್ನೊಂದು ಕಲ್ಲಿಗೇ ಉಜ್ಜುವುದು ಉಳಿದ ದಾರಿ. ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸುವುದು ಇದೇ.

ಎರಡು ಕಲ್ಲುಗಳನ್ನು ಒಂದಕ್ಕೊಂದು ಉಜ್ಜುತ್ತ ಹೋದರೆ ಒಂದು ಉಬ್ಬಿ, ಇನ್ನೊಂದು ತಗ್ಗಿ, ಎರಡೂ ಕೂದಲೆಳೆಯ ಸಂದಿಲ್ಲದೆ ಕೂಡಿಕೊಳ್ಳಬಹುದು. ಹೊಂದಾಣಿಕೆ ಪೂರ್ಣ, ಸಮತೆ ಮಾತ್ರ ಇಲ್ಲ. ಒಬ್ಬ ಗುರು, ಒಬ್ಬ ಭಕ್ತ. ಒಂದು ಗ್ರಂಥ, ಅದನ್ನೇ ಓದುವ ಒಂದು ಪಂಗಡ: ಇಂಥ ಜೋಡಿಗಳ ನೆಮ್ಮದಿಯೂ ಹೀಗೇ ಇರಬಹುದು. ಮೂರನೆಯದು ಬಂದಾಗ ಗುಟ್ಟು ಒಡೆಯುತ್ತದೆ. ಮೂರು ಮೈಗಳು ಯಾವ ಜೋಡಿಯಲ್ಲಿಟ್ಟರೂ ಕೂಡಬೇಕಾದರೆ ಉಬ್ಬಿಗೂ ತಗ್ಗಿಗೂ ಎಡೆಯಿಲ್ಲ. ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ವಿಟ್‌ವರ್ಥ್ 1840ರಲ್ಲಿ ಲೋಹದ ಫಲಕಗಳ ಬಗ್ಗೆ ವಿವರಿಸಿದ ವಿಧಾನದ ತಿರುಳು ಇದು. ಮೊದಲೇ ಸಮವಾಗಿದ್ದ ಒಂದು ಆದಿವಸ್ತು ಇಲ್ಲಿ ಬೇಕಾಗಿಲ್ಲ. ಓರೆಯಾದವುಗಳೇ ಒಂದನ್ನೊಂದು ತಿದ್ದಿ ಸಮತೆಗೆ ಬರುತ್ತವೆ. ನಾಗಾರ್ಜುನನ ಸರಪಳಿಗೆ ಕೊನೆಯ ಕೊಂಡಿ ಹುಡುಕಬೇಕಾಗಿಲ್ಲ. ಪ್ರತಿ ಕೊಂಡಿಯೂ ಸವೆಯಲು ಒಪ್ಪಿದರೆ ಸಾಕು.

ಮೀಮಾಂಸಕರು ಆಕ್ಷೇಪಿಸಬಹುದು: ಜ್ಞಾನ ತಾನಾಗಿಯೇ ಪ್ರಮಾಣ, ಬಾಧೆ, ಅಂದರೆ ಅದನ್ನು ಸುಳ್ಳಾಗಿಸುವ ಇನ್ನೊಂದು ಅರಿವು, ಬರುವವರೆಗೂ ಅದನ್ನು ಶಂಕಿಸಬೇಕಾಗಿಲ್ಲ. ಒಪ್ಪೋಣ. ಕಲ್ಲನ್ನು ನಂಬದೆ ಯಾರೂ ಮಸೆಯಲಾರರು. ಆದರೆ ಬಾಧೆ ಬಂದಾಗ ಕಾಣುವ ಏರ್ಪಾಡಾದರೂ ಇರಬೇಕು. ಕಲ್ಲಿನ ಮೇಲೆ ಪೆನ್ಸಿಲ್ ಗೆರೆ ಎಳೆದು ಉಜ್ಜಿದರೆ ಎತ್ತರದ ಗೆರೆಗಳು ಮೊದಲು ಅಳಿಯುತ್ತವೆ, ತಗ್ಗಿನವು ಉಳಿಯುತ್ತವೆ. ಗೆರೆ ಎಳೆಯಲು ಒಪ್ಪದ ಶ್ರದ್ಧೆಗೆ ತನ್ನ ತಗ್ಗು ಎಂದೂ ತಿಳಿಯದು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಮೂವರೂ ಸೇರಿ ತಪ್ಪಬಾರದೇಕೆ? ತಪ್ಪಬಹುದು. ಒಂದೇ ದಿಕ್ಕಿಗೆ ಉಜ್ಜಿದ ಮೂರು ಫಲಕಗಳು ಒಂದೇ ಬಗೆಯಲ್ಲಿ ತಿರುಚಿಕೊಂಡು ಪರಸ್ಪರ ಒಪ್ಪುತ್ತವೆ. ಆದ್ದರಿಂದಲೇ ನಡುನಡುವೆ ಅವನ್ನು ಅಡ್ಡ ತಿರುಗಿಸಿ ಉಜ್ಜಬೇಕು. ತಲೆ ಎಣಿಸುವುದರಿಂದ ಸಮತೆ ಬಾರದು, ಬೇರೆ ದಿಕ್ಕಿನಿಂದ ಬಂದ ಒರಸಾಟ ಬೇಕು.

ಇಟಗಿಯ ಗುಡಿ ಎದ್ದು ಕೆಲವು ದಶಕಗಳಲ್ಲೇ ಕಲ್ಯಾಣದಲ್ಲಿ ಶರಣರು ಅಂಥ ಒರಸಾಟಕ್ಕೆ ಜಾಗ ಮಾಡಿದರು. ಕ್ಷೌರಿಕ ಸಮುದಾಯ ತನ್ನವರೆಂದು ನೆನೆಯುವ ಹಡಪದ ಅಪ್ಪಣ್ಣನವರೂ ಅವರ ಮಡದಿ ಲಿಂಗಮ್ಮನವರೂ ವಚನಕಾರರು. ಕಾಯಕದವರ ಮತ್ತು ಹೆಣ್ಣುಮಕ್ಕಳ ಮಾತು ಸೇರಿದಾಗ ಧರ್ಮದ ಕಲ್ಲು ಅಡ್ಡ ತಿರುಗಿತು. ಇದು ಭಕ್ತಿಗೆ ಕುಂದಲ್ಲ. ಕಲ್ಲು ಓರೆಯಾದರೆ ಉರಿಯುವುದು ಕಲ್ಲಿನ ಒಡೆಯನ ಕೆನ್ನೆಯಲ್ಲ, ಕತ್ತಿಗೆ ಮುಖ ಒಡ್ಡಿ ಕೂತವನದು. ನಮ್ಮ ನಂಬಿಕೆಯ ಓರೆಗೂ ದಂಡ ತೆರುವವರು ಬಹುಪಾಲು ಬೇರೆಯವರೇ. ಹಾಗಾಗಿ ಸಾಧನ ಆರಿಸುವಾಗ ಅತಿ ಗಟ್ಟಿಯಾದದ್ದನ್ನಲ್ಲ, ತನ್ನನ್ನೂ ಪರೀಕ್ಷೆಗೆ ಒಡ್ಡಿಕೊಳ್ಳುವಂಥದ್ದನ್ನು ಆರಿಸಬೇಕು. ಗುರುವಿಗೂ ಗ್ರಂಥಕ್ಕೂ ಇದೇ ಅಳತೆ ಸಲ್ಲುತ್ತದೆ.