ನೋವು, ನರ ಮತ್ತು ದೃಷ್ಟೋಪಾಯ

ಈಶ್ವರಕೃಷ್ಣನ ಸಾಂಖ್ಯಕಾರಿಕೆ ವಿಚಾರಕ್ಕೆ ತೊಡಗುವುದೇ ದುಃಖದ ಪೆಟ್ಟಿನಿಂದ. ದೇಹ ಮತ್ತು ಮನಸ್ಸುಗಳಲ್ಲೇ ಹುಟ್ಟುವ ಆಧ್ಯಾತ್ಮಿಕ, ಇತರ ಜೀವಿಗಳಿಂದ ಒದಗುವ ಆಧಿಭೌತಿಕ, ದೈವವಶದಿಂದ ಬರುವ ಆಧಿದೈವಿಕ ಎಂಬ ಮೂರು ಬಗೆಯ ದುಃಖಗಳನ್ನು ನೀಗುವ ದಾರಿ ಯಾವುದೆಂದು ಕೇಳಿಕೊಂಡೊಡನೆ, ಅದಕ್ಕೆ ದೃಷ್ಟೋಪಾಯ, ಅಂದರೆ ಕಣ್ಣಿಗೆ ಕಾಣುವ ಲೌಕಿಕ ಪರಿಹಾರವೇ ಸಾಲದೇ ಎಂಬ ಆಕ್ಷೇಪವನ್ನೂ ಅದು ತಾನೇ ಎತ್ತಿ, ಅಂಥ ಪರಿಹಾರ ಖಚಿತವೂ ಅಲ್ಲ, ಶಾಶ್ವತವೂ ಅಲ್ಲ ಎಂದು ಉತ್ತರಿಸುತ್ತದೆ. ವ್ಯಾಖ್ಯಾನಕಾರರು ಇಲ್ಲಿ ಔಷಧಿಯನ್ನು ಉದಾಹರಿಸುತ್ತಾರೆ. ಇಂದು ಬರೆಯುವವರು ನೋವು ತಗ್ಗಿಸುವ ಕಿಸೆಗಾತ್ರದ ವಿದ್ಯುತ್ ಪೆಟ್ಟಿಗೆಯನ್ನೂ ಉದಾಹರಿಸಬಹುದು.

ದೃಷ್ಟೋಪಾಯ ಸಾಲದೇ ಎಂಬ ಈ ಪ್ರಶ್ನೆಯನ್ನು ಮೊಳಕಾಲ್ಮೂರಿನ ಗುಂಡಿಮಗ್ಗದ ಬಳಿ ಇಟ್ಟು ನೋಡುವುದು ಉಚಿತ. ರೇಷ್ಮೆ ಸೀರೆ ನೇಯುವವರು ನೆಲಮಟ್ಟದಲ್ಲಿ ಕುಳಿತು, ಕಾಲುಗಳನ್ನು ಗುಂಡಿಯೊಳಗೆ ಇಳಿಬಿಟ್ಟು, ಹಾಸಿನ ಎಳೆಗಳನ್ನು ಬೇರ್ಪಡಿಸಲು ಹಲಗೆಗಳನ್ನು ಸರದಿಯಂತೆ ತುಳಿಯುತ್ತ, ಲಾಳಿ ಹಾಯಿಸಿ, ಹೊಕ್ಕಿನ ಎಳೆ ಎಳೆಗೂ ಮುಂದಕ್ಕೆ ಬಾಗಿ ಹಣಿಗೆ ಬಡಿಯುತ್ತಾರೆ. ಸೊಂಟ, ಭುಜ, ಮಂಡಿಗಳು ಇದರ ಬೆಲೆ ತೆರುತ್ತವೆ. ಚಳ್ಳಕೆರೆ ಸೀಮೆಯ ಕಂಬಳಿ ನೇಕಾರರ ಪಾಡೂ ಬೇರೆಯಲ್ಲ.

ಮೊದಲು ಹೇಳಿದ ವಿದ್ಯುತ್ ಪೆಟ್ಟಿಗೆ ಇಂಥ ನೋವಿಗೆ ಒಂದು ದೃಷ್ಟೋಪಾಯ. ಟೆನ್ಸ್ ಎಂದು ಕರೆಯಲಾಗುವ ಈ ಉಪಕರಣವು ಚರ್ಮಕ್ಕೆ ಅಂಟಿಸಿದ ಪಟ್ಟಿಗಳ ಮೂಲಕ ನರಗಳಿಗೆ ಸಣ್ಣ ವಿದ್ಯುತ್ ಮಿಡಿತಗಳನ್ನು ಕಳುಹಿಸುತ್ತದೆ. ಸ್ಪರ್ಶವನ್ನು ಒಯ್ಯುವ ದಪ್ಪ ನರತಂತುಗಳು ಚುರುಕಾದಾಗ, ನೋವನ್ನು ಒಯ್ಯುವ ಸಣ್ಣ ತಂತುಗಳ ಸುದ್ದಿಗೆ ಬೆನ್ನುಹುರಿಯಲ್ಲಿ ಬಾಗಿಲು ಕಿರಿದಾಗುತ್ತದೆ ಎಂಬುದು 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಮಂಡಿಸಿದ ದ್ವಾರಸಿದ್ಧಾಂತ. ಪೆಟ್ಟು ಬಿದ್ದ ಮೊಣಕೈಯನ್ನು ಉಜ್ಜಿಕೊಳ್ಳುವವರು ಇದನ್ನು ಸಿದ್ಧಾಂತವಿಲ್ಲದೆಯೇ ಬಲ್ಲರು. ಮಿಡಿತವೊಂದರ ಅವಧಿ ಸಾಮಾನ್ಯವಾಗಿ 50ರಿಂದ 250 ಮೈಕ್ರೊಸೆಕೆಂಡ್; ಸೆಕೆಂಡಿಗೆ 100ರ ಆಸುಪಾಸಿನಲ್ಲಿ ಮಿಡಿದರೆ ಜುಮುಗುಡುವ ಅನುಭವವಾಗುತ್ತದೆ. ವಿದ್ಯುತ್ತು ಒಂದೇ ದಿಕ್ಕಿಗೆ ಹರಿದರೆ ಪಟ್ಟಿಯ ಅಡಿ ಚರ್ಮ ಸುಡಬಹುದಾದ್ದರಿಂದ ಪ್ರತಿ ಮಿಡಿತವನ್ನೂ ಎದುರು ಮಿಡಿತದಿಂದ ಸರಿದೂಗಿಸಬೇಕು. ಬೆವರಿಗೆ ಪಟ್ಟಿಯ ಅಂಚು ಬಿಟ್ಟುಕೊಂಡರೆ ಉಳಿದ ಕಿರಿದಾದ ಜಾಗದಲ್ಲೇ ವಿದ್ಯುತ್ತು ಒತ್ತಿ ಹರಿದು ಚುರುಗುಟ್ಟುವುದರಿಂದ ಅಂಟಿನ ಗುಣವೂ ವಿನ್ಯಾಸದ ಮುಖ್ಯ ಮಾತಾಗುತ್ತದೆ. ಪೇಸ್‌ಮೇಕರ್ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

ಪರಿಣಾಮದ ಬಗ್ಗೆ ಸಂಶೋಧನೆಗಳು ಒಂದೇ ಮಾತು ಹೇಳುವುದಿಲ್ಲ. ಉಪಶಮನ ಸಿಕ್ಕವರಲ್ಲೂ ಅದು ಬಹುಮಟ್ಟಿಗೆ ಯಂತ್ರ ನಡೆಯುವಷ್ಟು ಹೊತ್ತಿನದು. ಖಚಿತವಲ್ಲ, ಶಾಶ್ವತವಲ್ಲ ಎಂದು ಸಾಂಖ್ಯಕಾರಿಕೆ ಹೇಳಿದ ಎರಡೂ ದೋಷಗಳು ಹೀಗೆ ಇದಕ್ಕೆ ತಪ್ಪದೆ ಅಂಟುತ್ತವೆ. ಹಾಗೆಂದು ನೇಕಾರರು ನೋವನ್ನು ಕರ್ಮಫಲವೆಂದು ಸಹಿಸಿಕೊಳ್ಳಲಿ ಎನ್ನುವ ವಾದ ನಿಲ್ಲುವುದಿಲ್ಲ, ಏಕೆಂದರೆ ಸಹನೆಯು ತನ್ನ ನೋವಿಗೆ ತಾನೇ ಹಾಕಿಕೊಳ್ಳುವ ವ್ರತವೇ ಹೊರತು ಅನ್ಯರ ಸೊಂಟಕ್ಕೆ ವಿಧಿಸುವ ನಿಯಮವಲ್ಲ. ಅನ್ಯರ ನೋವಿಗೆ ಸಲ್ಲಬೇಕಾದದ್ದು ಕನಿಕರ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನಗಳು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಬಂಡೆಗಳ ಮೇಲಿವೆ. ತಂದೆತಾಯಿಯರಿಗೆ ವಿಧೇಯತೆ, ಸತ್ಯವಚನಗಳ ಜೊತೆಗೆ ಅವು ಬೋಧಿಸುವುದು ಜೀವಿಗಳ ಮೇಲಿನ ಕನಿಕರವನ್ನು. ಬೌದ್ಧರ ಸಂಯುತ್ತ ನಿಕಾಯವು ದೇಹದ ನೋವನ್ನು ಮೊದಲ ಬಾಣಕ್ಕೂ ಅದಕ್ಕಾಗಿ ಮನಸ್ಸು ಪಡುವ ಸಂಕಟವನ್ನು ಎರಡನೆಯ ಬಾಣಕ್ಕೂ ಹೋಲಿಸಿ, ಸಾಧಕನು ತಪ್ಪಿಸಿಕೊಳ್ಳುವುದು ಎರಡನೆಯದನ್ನು ಎನ್ನುತ್ತದೆ. ವಿದ್ಯುತ್ ಪೆಟ್ಟಿಗೆಯು ಮುಟ್ಟುವುದು ಮೊದಲ ಬಾಣವನ್ನು ಮಾತ್ರ, ಅದೂ ಅರ್ಧಂಬರ್ಧ; ಆದರೂ ಅದು ಕನಿಕರದ ಕೆಲಸವೇ.

ನಿಜವಾದ ತೊಡಕು ಬೇರೆಡೆ ಇದೆ. ನೋವು ಎಚ್ಚರಿಕೆಯೂ ಆಗಿರುವಾಗ, ಅದನ್ನು ಅಡಗಿಸಿಕೊಂಡು ಇನ್ನೆರಡು ಗೇಣು ನೇಯುವಂತಾದರೆ ಲಾಭ ಸೀರೆಗೆ, ನಷ್ಟ ಬೆನ್ನಿಗೆ. ಅರ್ಧ ಗಂಟೆಗೆ ಯಂತ್ರವನ್ನು ತಾನಾಗಿ ಆರಿಸುವ ಗಡಿಯಾರವನ್ನು ಅದರೊಳಗೆ ಕೂರಿಸಬೇಕೇ ಎಂಬುದು ಆದ್ದರಿಂದ ಬರಿಯ ತಾಂತ್ರಿಕ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ. ಚಳ್ಳಕೆರೆಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಇಂಥ ಉಪಕರಣವನ್ನು ಅಲ್ಲಿಯಾಗಲಿ ಇನ್ನೆಲ್ಲಿಯೇ ಆಗಲಿ ರೂಪಿಸುವವರು, ಮೊದಲ ಅಳತೆಯನ್ನು ಮಗ್ಗದ ಗುಂಡಿಗೆ ಇಳಿದು, ಒಂದು ಮೊಳವಾದರೂ ನೇಯ್ದು ತೆಗೆದುಕೊಳ್ಳಲಿ.