ಮನೆಮಂದಿಯೆಲ್ಲ ಕೂತು ನೋಡಬಹುದಾ?

ಶುಕ್ರವಾರ ಹೊಸ ಸಿನಿಮಾ ಬಿಡುಗಡೆಯಾದರೆ ನಮ್ಮ ಮನೆಗಳಲ್ಲಿ ಮೊದಲು ಕೇಳುವುದು, ‘ಫ್ಯಾಮಿಲಿ ಜೊತೆ ಹೋಗಬಹುದಾ?’ ಚೆನ್ನಾಗಿದೆಯಾ ಎಂಬ ಪ್ರಶ್ನೆ ಆಮೇಲೆ. ಈ ಕ್ರಮ ಸರಿಯಾಗಿಯೇ ಇದೆ.

*

ಸೆನ್ಸಾರ್‌ನವರು ಚಿತ್ರವನ್ನು ನೋಡಿರುತ್ತಾರೆ, ನಮ್ಮ ಮಗುವನ್ನು ನೋಡಿರುವುದಿಲ್ಲ.

*

ಯು ಮತ್ತು ಎ ಸರ್ಟಿಫಿಕೇಟುಗಳ ನಡುವೆ ಯುಎ ಬಂದದ್ದು 1983ರಲ್ಲಿ. ಸಿನಿಮಾ ಕಾಯ್ದೆಯ 2023ರ ತಿದ್ದುಪಡಿ ಅದನ್ನು 7+, 13+, 16+ ಎಂದು ಮೂರಾಗಿ ಒಡೆಯಿತು. ಎ ಚಿತ್ರಕ್ಕೆ 18 ತುಂಬದವರನ್ನು ಥಿಯೇಟರಿನವರು ಒಳಗೆ ಬಿಡುವಂತಿಲ್ಲ. ಯುಎ ಪಕ್ಕದ ಅಂಕಿ ಮಾತ್ರ ಹೆತ್ತವರಿಗೆ ಕೊಟ್ಟ ಸೂಚನೆ. ಅದನ್ನು ಪಾಲಿಸುವ ಹೊಣೆಯೂ ಅವರದೇ. 16+ ಚಿತ್ರಕ್ಕೆ ಆರು ವರ್ಷದ ಮಗುವಿನ ಕೈಹಿಡಿದು ಹೋದರೆ ಗೇಟಿನಲ್ಲಿ ತಡೆಯುವವರಿಲ್ಲ.

*

ಮುತ್ತಿನ ದೃಶ್ಯ ಬಂದರೆ ಕೈ ರಿಮೋಟಿಗೆ ಹೋಗುತ್ತದೆ. ಮಚ್ಚು ಬೀಸಿದಾಗ ಅದೇ ಕೈ ಚುರುಮುರಿ ಬಟ್ಟಲಿನಲ್ಲೇ ಇರುತ್ತದೆ. ರಕ್ತ ಚಿಮ್ಮಿದಾಗ ಮಕ್ಕಳೂ ಸೇರಿ ಹೊಡೆಯುವ ಶಿಳ್ಳೆ ನನಗೆ ಮುತ್ತಿಗಿಂತ ಹೆಚ್ಚು ದಿಗಿಲು ಹುಟ್ಟಿಸುತ್ತದೆ.

*

ಬೇಡ ಎಂದ ಹುಡುಗಿಯ ಬೆನ್ನುಬಿದ್ದು, ಕಾಡಿ, ಕೆನ್ನೆಗೆ ಬಾರಿಸಿ, ಕೊನೆಗೆ ಅವಳನ್ನೇ ಮದುವೆಯಾಗುವ ನಾಯಕ ಎಷ್ಟೋ ಫ್ಯಾಮಿಲಿ ಚಿತ್ರಗಳಲ್ಲಿದ್ದಾನೆ. ಪ್ರೀತಿಸುವುದು ಹೀಗೆ ಎಂದು ಮಗ ಕಲಿಯುತ್ತಾನೆ, ಸಹಿಸಬೇಕಾದ್ದು ಇದನ್ನು ಎಂದು ಮಗಳು.

*

ಡಬಲ್ ಮೀನಿಂಗ್ ಡೈಲಾಗ್ ಬಂದಾಗ ಅಜ್ಜಿ ನೀರು ಕುಡಿಯುವ ನೆಪದಲ್ಲಿ ಏಳುತ್ತಾರೆ, ಅಪ್ಪ ಮೊಬೈಲ್ ನೋಡುತ್ತಾನೆ, ಅಮ್ಮ ಸೆರಗು ಸರಿಮಾಡಿಕೊಳ್ಳುತ್ತಾಳೆ. ಅರ್ಥವಾಗದ ಮಗು ಎಲ್ಲರ ಮುಖ ನೋಡುತ್ತದೆ. ಆಗ ಏನಾದರೂ ಮಾತಾಡಬೇಕು. ಸುಮ್ಮನಿದ್ದರೆ ಅದು ಉತ್ತರವನ್ನು ಬೇರೆಲ್ಲಿಂದಲೋ ತಂದುಕೊಳ್ಳುತ್ತದೆ.

*

ಮಕ್ಕಳಿಗೆ ತೋರಿಸುವ ಸಿನಿಮಾದಲ್ಲಿ ನೋವೇ ಇರಬಾರದು ಎನ್ನುವವರು 1985ರ ‘ಬೆಟ್ಟದ ಹೂವು’ ನೋಡಬೇಕು. ಬಡಹುಡುಗ ರಾಮು ಕಾಡಿನ ಹೂ ತಂದು ಮಾರಿ ಕಾಸು ಕೂಡಿಡುವುದು ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಲು. ಕೊನೆಗೆ ಅವನು ಆ ದುಡ್ಡಿನಲ್ಲಿ ಮನೆಯವರಿಗೆ ಕಂಬಳಿ ತರುತ್ತಾನೆ. ಪುಟ್ಟ ಪುನೀತ್‌ಗೆ ಬಾಲನಟನ ರಾಷ್ಟ್ರಪ್ರಶಸ್ತಿ ತಂದ ಪಾತ್ರವದು. ಅಲ್ಲಿ ಹಸಿವಿದೆ, ಚಳಿಯಿದೆ, ಕೈಗೆಟುಕದೇ ಹೋದ ಆಸೆಯಿದೆ. ಅದನ್ನು ನೋಡಿ ಮಗು ಅತ್ತರೆ ಅಳಲಿ.

*

ಓಟಿಟಿಯಲ್ಲಿ ವಯಸ್ಸಿನ ಗುರುತು ಹಾಕುವುದು ಆಯಾ ಕಂಪನಿಯೇ. 2021ರ ನಿಯಮದಂತೆ 13+ ಮತ್ತು ಮೇಲಿನವಕ್ಕೆ ಲಾಕ್ ಸೌಲಭ್ಯ ಕೊಡಬೇಕು. ಲಾಕ್ ಹಾಕುವ ಕೆಲಸ ನಮ್ಮದು.

*

ಅಣ್ಣನಿಗೆ ಹದಿನೈದು, ತಂಗಿಗೆ ಏಳು. ಇಬ್ಬರಿಗೂ ಒಂದೇ ಸಿನಿಮಾ ಆಗಬೇಕೆಂದರೆ ಆಯ್ಕೆ ತಂಗಿಯ ವಯಸ್ಸಿನಿಂದ ಶುರುವಾಗಲಿ.

*

ಟಿಕೆಟ್ ಬುಕ್ ಮಾಡುವ ಮುನ್ನ ಯುಎ ಪಕ್ಕದ ಅಂಕಿ ನೋಡಿ. ನೋಡಿಬಂದವರನ್ನು ‘ಹೇಗಿದೆ’ ಎಂದು ಕೇಳಿ ಬಿಡಬೇಡಿ. ‘ಏನೇನಿದೆ’ ಎಂದೂ ಕೇಳಿ. ಅನುಮಾನ ಉಳಿದರೆ ಮೊದಲು ನೀವೊಬ್ಬರೇ ನೋಡಿಬನ್ನಿ. ಅರ್ಧ ಸಿನಿಮಾದಲ್ಲಿ ಮಗು ತೋಳು ಹಿಡಿದು ‘ಮನೆಗೆ ಹೋಗೋಣ’ ಎಂದರೆ, ಟಿಕೆಟ್ ದುಡ್ಡಿನ ಮುಖ ನೋಡದೆ ಎದ್ದು ಬನ್ನಿ.