ಪೊರೆಯೊಳಗಿನ ಎಚ್ಚರಕ್ಕೆ

ಜೀವಕ್ಕೆ ಜೀವವಾದವನೇ, ನೆಟ್ಟ ಜಾಗ ಬಿಟ್ಟು ಕದಲಲಾರದ ಗಿಡಕ್ಕೂ ಚಳಿಯ ಅರಿವು ಕೊಟ್ಟೆ. ಆ ಅರಿವನ್ನು ನೀನು ಎಲ್ಲಿಟ್ಟಿರುವೆ ಎಂದು ತಿಳಿದಾಗಿನಿಂದ ಕೈಮುಗಿಯದೆ ಇರಲು ನನ್ನಿಂದಾಗುತ್ತಿಲ್ಲ.

ಪ್ರತಿ ಜೀವಕೋಶವನ್ನೂ ಸುತ್ತಿದ ಜಿಡ್ಡಿನ ತೆಳುಪೊರೆಯಲ್ಲಿಟ್ಟೆ. ಮಾಗಿಯ ಬೆಳಗ್ಗೆ ಬಾಟಲಿಯ ಕೊಬ್ಬರಿ ಎಣ್ಣೆ ಗಟ್ಟಿಯಾಗುವಂತೆ ಆ ಪೊರೆಯೂ ಚಳಿಗೆ ಬಿಗಿಯುತ್ತದೆ. ಬಿಗಿದೊಡನೆ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಫಾಸ್ಫೊಲೈಪೇಸ್ ಎಂಬ ಕಿಣ್ವಗಳು ಪೊರೆಯ ಜಿಡ್ಡಾದ ಲಿಪಿಡ್‌ಗಳನ್ನೇ ಕತ್ತರಿಸುತ್ತವೆ. ಕೆಲವೇ ನಿಮಿಷಗಳಲ್ಲಿ ಫಾಸ್ಫಾಟಿಡಿಕ್ ಆಮ್ಲ ಹುಟ್ಟಿ, ಚಳಿ ಬಂತೆಂಬ ಸುದ್ದಿ ಕೋಶದೊಳಗೆ ಮುಟ್ಟುತ್ತದೆ. ಕಾಯುವುದೂ ಪೊರೆಯೇ, ಕೂಗಿ ಎಚ್ಚರಿಸುವುದೂ ಪೊರೆಯೇ.

ಆದರೆ ಪ್ರಭುವೇ, ಇದೇ ಆಮ್ಲ ಮಿತಿಮೀರಿದರೆ ಪೊರೆ ತನ್ನ ರೂಪವನ್ನೇ ಕಳೆದುಕೊಳ್ಳುತ್ತದೆ. ಸಾಸಿವೆಯ ಬಳಗದ ಪುಟ್ಟ ಗಿಡ ಅರಬಿಡಾಪ್ಸಿಸ್‌ನಲ್ಲಿ ವಿಜ್ಞಾನಿಗಳು ಫಾಸ್ಫೊಲೈಪೇಸ್ ಡಿ ಕುಟುಂಬದ ಆಲ್ಫಾ-1 ಕಿಣ್ವವನ್ನು ಕುಗ್ಗಿಸಿದರು. ಹಿಮಗಟ್ಟುವ ಚಳಿಯಲ್ಲಿ ಹೆಚ್ಚು ಗಿಡಗಳು ಉಳಿದವು. ಅದರ ಒಡಹುಟ್ಟಾದ ಡೆಲ್ಟಾವನ್ನು ಹೆಚ್ಚಿಸಿದರು. ಆಗಲೂ ಹೆಚ್ಚು ಗಿಡಗಳು ಉಳಿದವು. ಡೆಲ್ಟಾ ಇಲ್ಲದ ಗಿಡಗಳು ಚಳಿಗೆ ಬೇಗ ಸೋತವು. ಎರಡೂ ಹುಟ್ಟಿಸುವುದು ಅದೇ ಆಮ್ಲವನ್ನು! ಎಲ್ಲಿ, ಯಾವಾಗ, ಎಷ್ಟು ಎಂಬುದರಲ್ಲೇ ಸಾವು ಬದುಕು ಎರಡನ್ನೂ ಇಟ್ಟೆಯಲ್ಲ, ಇಷ್ಟು ಸೂಕ್ಷ್ಮದ ಅಳತೆ ನಮಗೆಲ್ಲಿ ಬರಬೇಕು?

ಕೋಶಗಳ ಹೊರಗಿನ ನೀರು ಹಿಮವಾದಾಗ ಒಳಗಿನ ನೀರೂ ಹೊರಕ್ಕೆ ಸೆಳೆದುಹೋಗುತ್ತದೆ. ಬತ್ತಿದ ಪೊರೆಗಳು ಒಂದಕ್ಕೊಂದು ಬೆಸೆದು ಹಾಳಾಗುವ ಹೊತ್ತು ಅದು. ಆಗ ಎಸ್‌ಎಫ್‌ಆರ್-2 ಎಂಬ ಕಿಣ್ವ ಎಲೆಗೆ ಹಸಿರು ಕೊಡುವ ಹರಿತ್ಕಣದ ಹೊರಪೊರೆಯಲ್ಲಿ ಒಂದು ಲಿಪಿಡ್‌ನ ಸಕ್ಕರೆಯನ್ನು ಇನ್ನೊಂದಕ್ಕೆ ದಾಟಿಸಿ, ಪೊರೆ ಕೆಡದಂತೆ ಹಿಡಿದು ನಿಲ್ಲಿಸುತ್ತದೆ. ಈ ಗುಟ್ಟನ್ನು 2010ರಲ್ಲಷ್ಟೇ ನಮಗೆ ಬಿಟ್ಟುಕೊಟ್ಟೆ.

ಭತ್ತಕ್ಕೆ ಮಾತ್ರ ಇಷ್ಟು ತಾಳುವ ಶಕ್ತಿಯಿಲ್ಲ. ಅದು ಬೆಚ್ಚನೆಯ ನಾಡಿನ ಬೆಳೆ. ಹಿಮ ಬೀಳುವುದೇ ಬೇಡ, ಹತ್ತು ಡಿಗ್ರಿಯ ಆಸುಪಾಸಿನ ಚಳಿಗೇ ಸಸಿ ಹಳದಿಗಟ್ಟಿ ಕುಗ್ಗುತ್ತದೆ. ಅಸ್ಸಾಂ, ಬಂಗಾಳದ ಬೋರೋ ಭತ್ತದ ಸಸಿಮಡಿಗಳು ಡಿಸೆಂಬರ್, ಜನವರಿಯ ಚಳಿಯನ್ನು ದಾಟಿಯೇ ಗದ್ದೆಗೆ ಇಳಿಯಬೇಕು. ಆ ಮಡಿಗಳ ಮೇಲೆ ನಿನ್ನ ಕಣ್ಣಿರಲಿ.

ಗಿಡದ ಒಳಗನ್ನು ತಿದ್ದಲು ಹೊರಟ ಕೈಗಳಿಗೆ ಅವಸರ ಕೊಡಬೇಡ. ಒಂದು ಕಿಣ್ವವನ್ನು ಕುಗ್ಗಿಸಿ ಇನ್ನೊಂದನ್ನು ಹೆಚ್ಚಿಸುವ ಮೊದಲು ಗದ್ದೆಯ ಬದುವಿನಲ್ಲಿ ನಿಂತು ನೋಡುವ ತಾಳ್ಮೆ ಕೊಡು. ಚಳಿ ತಾಳುವ ತಳಿಯೊಂದು ಕೈಗೂಡಿದ ದಿನ, ಅದರ ಬೀಜ ಎಲ್ಲರಿಗಿಂತ ಮೊದಲು ತುಂಡು ನೆಲದ ರೈತನ ಮನೆ ಸೇರುವಂತೆ ಮಾಡು ಎಂದು ಬೇಡುತ್ತೇನೆ.